ನಾಸಾಗ್ರದಲ್ಲಿ ನಿಂತ ನೋಟ: ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯ

ಮೈಸೂರಿನ ಜಗನ್ಮೋಹನ ಅರಮನೆ ಎಂದೊಡನೆ ಬಹುಮಂದಿಗೆ ನೆನಪಾಗುವುದು ಅಲ್ಲಿನ ಚಿತ್ರಶಾಲೆ. ಅದರಲ್ಲಿಯೂ ದೀಪವನ್ನು ಕೈಯಿಂದ ಮರೆಮಾಡಿ ನಿಂತ ಮಹಿಳೆಯ ಚಿತ್ರ. ಹಲದಂಕರ್ ಅವರು ಬರೆದ ಆ ಚಿತ್ರವನ್ನು ರಾಜಾ ರವಿವರ್ಮನದೆಂದು ತಪ್ಪಾಗಿ ತಿಳಿದವರೂ ಕಡಿಮೆಯಿಲ್ಲ. ಇದೇ ಅರಮನೆಯ ಒಂದು ಭಾಗದಲ್ಲಿ 1933ರಿಂದ 1950ರವರೆಗೆ ಯೋಗಶಾಲೆಯೊಂದು ನಡೆಯುತ್ತಿತ್ತು ಎಂಬುದು ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ. ಇಂದು ಜಗತ್ತಿನ ನಾನಾ ನಗರಗಳಲ್ಲಿ ಕಲಿಸಲಾಗುತ್ತಿರುವ ಯೋಗಾಸನಗಳ ಬಹುಪಾಲು ಆ ಶಾಲೆಯ ನೆಲದಿಂದಲೇ ಹೊರಟದ್ದು. ಅದನ್ನು ನಡೆಸಿದವರು ತಿರುಮಲೈ ಕೃಷ್ಣಮಾಚಾರ್ಯರು.

ಕೃಷ್ಣಮಾಚಾರ್ಯರ ಶಿಷ್ಯರೂ ಕುಟುಂಬದವರೂ ಅವರ ಬಗೆಗೆ ಹೇಳಿರುವ ಮಾತುಗಳಲ್ಲಿ ಮತ್ತೆ ಮತ್ತೆ ಬರುವುದು ಅವರ ಕಣ್ಣುಗಳ ಪ್ರಸ್ತಾಪ. ಆ ತೀಕ್ಷ್ಣ ನೋಟಕ್ಕೆ ಹೆದರಿ, ಅವರು ಎದುರಿಗೆ ಬರುತ್ತಿದ್ದರೆ ಮೈಸೂರಿನ ಜನ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರೆಂದು ಅವರ ಭಾವಮೈದುನ ಬಿ.ಕೆ.ಎಸ್. ಅಯ್ಯಂಗಾರ್ ಸ್ಮರಿಸಿದ್ದುಂಟು. ಆದರೆ ಆಚಾರ್ಯರು ತಮ್ಮ ಗ್ರಂಥದಲ್ಲಿ ಕಲಿಸಿದ ದೃಷ್ಟಿ ಎದುರಿಗಿರುವವರನ್ನು ನೋಡುವ ದೃಷ್ಟಿಯಲ್ಲ. ಅದು ಮೂಗಿನ ತುದಿಯಲ್ಲಿಯೋ ಹುಬ್ಬುಗಳ ನಡುವೆಯೋ ನಿಂತು, ಹೊರಗಿನ ನೋಟವನ್ನು ಬಿಟ್ಟು ಒಳಕ್ಕೆ ತಿರುಗುವ ದೃಷ್ಟಿ. ಯೋಗವನ್ನು ಊರೂರಿನ ವೇದಿಕೆಗಳ ಮೇಲೆ ಸಾವಿರಾರು ಜನರ ಕಣ್ಣೆದುರಿಗೆ ತಂದು ನಿಲ್ಲಿಸಿದವರೂ ಅವರೇ, ನೋಡುವವರನ್ನು ಮರೆತು ನೋಟವನ್ನು ಒಂದೆಡೆ ನಿಲ್ಲಿಸಬೇಕೆಂದು ವಿಧಿಸಿದವರೂ ಅವರೇ. ಈ ಎರಡರ ನಡುವಿನ ತೊಡಕು ಅವರ ಮೈಸೂರು ವಾಸದುದ್ದಕ್ಕೂ ಜೊತೆಗಿತ್ತು.

ಮುಚುಕುಂದಪುರದಿಂದ ಮಾನಸಸರೋವರಕ್ಕೆ

ಕೃಷ್ಣಮಾಚಾರ್ಯರು ಜನಿಸಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ತಂದೆ ತಿರುಮಲೈ ಶ್ರೀನಿವಾಸ ತಾತಾಚಾರ್ಯರು, ತಾಯಿ ರಂಗನಾಯಕಮ್ಮ. ವೈಷ್ಣವ ಆಚಾರ್ಯ ನಾಥಮುನಿಗಳ ಪರಂಪರೆಗೆ ಸೇರಿದ್ದೆಂದು ಹೇಳಿಕೊಳ್ಳುತ್ತಿದ್ದ ಮನೆತನ. ವೇದವನ್ನೂ ಆಸನಗಳ ಮೊದಲ ಪಾಠವನ್ನೂ ತಂದೆಯಿಂದಲೇ ಕಲಿತ ಬಾಲಕನಿಗೆ ಹತ್ತು ವರ್ಷವಾಗುವಷ್ಟರಲ್ಲಿ ಪಿತೃವಿಯೋಗವಾಯಿತು. ಕುಟುಂಬ ಮೈಸೂರಿಗೆ ಬಂದಿತು. ಅಲ್ಲಿನ ಪರಕಾಲ ಮಠದೊಡನೆ ಮನೆತನಕ್ಕೆ ನಿಕಟ ಸಂಬಂಧವಿತ್ತು. ಮಠದ ಆಶ್ರಯದಲ್ಲಿ ವ್ಯಾಕರಣ, ತರ್ಕ, ವೇದಾಂತಗಳ ಅಧ್ಯಯನ ಮುಂದುವರಿಯಿತು.

ಹದಿನಾರನೆಯ ವಯಸ್ಸಿನಲ್ಲಿ ಅವರು ತಮಿಳುನಾಡಿನ ಆಳ್ವಾರ್ ತಿರುನಗರಿಗೆ ಹೋದದ್ದನ್ನು ಶಿಷ್ಯವರ್ಗ ವಿಶೇಷ ಗೌರವದಿಂದ ಹೇಳುತ್ತದೆ. ಹಸಿದು ಬಳಲಿ ಮಾವಿನ ತೋಪಿನಲ್ಲಿ ಕುಳಿತ ಯುವಕನಿಗೆ ಕಣ್ಣುಮುಚ್ಚಿದ ಸ್ಥಿತಿಯಲ್ಲಿ ನಾಥಮುನಿಗಳ ದರ್ಶನವಾಗಿ, ಅವರ ಬಾಯಿಂದಲೇ ‘ಯೋಗರಹಸ್ಯ’ ಗ್ರಂಥದ ಶ್ಲೋಕಗಳು ಕೇಳಿಬಂದವೆಂಬುದು ಆ ವೃತ್ತಾಂತ. ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ಕಾಶಿಯಲ್ಲಿ ಶಾಸ್ತ್ರಾಭ್ಯಾಸ, ಮೈಸೂರಿಗೆ ಮರಳಿ ವೇದಾಂತದ ವ್ಯಾಸಂಗ, ಮತ್ತೆ ಕಾಶಿ ಎಂದು ಮುಂದಿನ ವರ್ಷಗಳು ಕಳೆದವು. ವಿದ್ವಾಂಸ ಗಂಗಾನಾಥ ಝಾ ಅವರ ಸೂಚನೆಯಂತೆ ಮಾನಸಸರೋವರದ ಬಳಿಯ ರಾಮಮೋಹನ ಬ್ರಹ್ಮಚಾರಿಗಳನ್ನು ಅರಸಿಕೊಂಡು ಹೋಗಿ, ಅಲ್ಲಿ ಏಳೂವರೆ ವರ್ಷ ಯೋಗಾಭ್ಯಾಸ ಮಾಡಿದುದಾಗಿ ಅವರೇ ಹೇಳಿಕೊಂಡಿದ್ದಾರೆ. ಈ ವಾಸದ ಕಾಲಗಣನೆ ಹೊಂದಿಕೆಯಾಗುವುದಿಲ್ಲವೆಂದು ಇತಿಹಾಸಕಾರರು ಆಕ್ಷೇಪವೆತ್ತಿದ್ದಾರೆ. ಆದರೆ ಗುರುದಕ್ಷಿಣೆಯಾಗಿ ಪಡೆದರೆನ್ನಲಾದ ಆಜ್ಞೆಯನ್ನು ಅವರು ಪಾಲಿಸಿದ್ದರಲ್ಲಿ ಸಂಶಯವಿಲ್ಲ. ಸಂಸಾರಸ್ಥನಾಗು, ಯೋಗವನ್ನು ಬೋಧಿಸಿ ಜೀವಿಸು ಎಂಬುದು ಆ ಆಜ್ಞೆಯ ತಾತ್ಪರ್ಯ. ದೊಡ್ಡ ವಿದ್ಯಾಪೀಠಗಳಲ್ಲಿ ದರ್ಶನಶಾಸ್ತ್ರದ ಅಧ್ಯಾಪಕರಾಗಬಹುದಾಗಿದ್ದ ಪಂಡಿತರೊಬ್ಬರು, ಅಂದಿನ ಸಮಾಜದಲ್ಲಿ ಅನ್ನ ಹುಟ್ಟದ ವಿದ್ಯೆಯನ್ನು ಆರಿಸಿಕೊಂಡರು.

1925ರಲ್ಲಿ ನಾಮಗಿರಿಯಮ್ಮನವರೊಡನೆ ವಿವಾಹವಾಯಿತು. ಬಡತನ ಎಷ್ಟಿತ್ತೆಂದರೆ ಪತ್ನಿಯ ಸೀರೆಯಿಂದ ಹರಿದ ತುಂಡನ್ನೇ ಆಚಾರ್ಯರು ಉಡಬೇಕಾದ ದಿನಗಳಿದ್ದವು. ಹೊಟ್ಟೆಪಾಡಿಗಾಗಿ ಹಾಸನ ಸೀಮೆಯ ಕಾಫಿ ತೋಟವೊಂದರಲ್ಲಿ ಮೇಸ್ತ್ರಿಯ ಕೆಲಸ ಹಿಡಿದರು. ಷಡ್ದರ್ಶನಗಳನ್ನು ಓದಿದ ವ್ಯಕ್ತಿ ಚಡ್ಡಿ, ಟೋಪಿ, ಬೂಟು ಧರಿಸಿ ಕೈಯಲ್ಲಿ ಕೋಲು ಹಿಡಿದು ತೋಟದಲ್ಲಿ ಓಡಾಡುತ್ತಿದ್ದರು. ಬಿಡುವಾದಾಗ ಸುತ್ತಲ ಊರುಗಳಲ್ಲಿ ಉಪನ್ಯಾಸ ಮತ್ತು ಯೋಗಪ್ರದರ್ಶನ. 1927ರಲ್ಲಿ ಹಾಸನದಲ್ಲಿ ನಡೆದ ಅಂಥ ಒಂದು ಪ್ರದರ್ಶನವನ್ನು ಕೌಶಿಕ ಗ್ರಾಮದ ಹನ್ನೆರಡು ವರ್ಷದ ಬಾಲಕನೊಬ್ಬ ಬೆರಗಿನಿಂದ ನೋಡಿದ. ಮರುದಿನವೇ ಆಚಾರ್ಯರ ಮನೆಗೆ ಹೋಗಿ ಕಲಿಸುವಂತೆ ಬೇಡಿಕೊಂಡ. ಆತನೇ ಮುಂದೆ ಪಟ್ಟಾಭಿ ಜೋಯಿಸ್ ಎಂದು ಹೆಸರಾದವರು.

ಅರಮನೆಯ ಯೋಗಶಾಲೆ

ಯೋಗಾಚಾರ್ಯರ ಖ್ಯಾತಿ ನಾಲ್ವಡಿ ಕೃಷ್ಣರಾಜ ಒಡೆಯರ ಕಿವಿಗೆ ಬಿತ್ತು. 1931ರಲ್ಲಿ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಬೋಧಿಸುವ ಅವಕಾಶ ದೊರೆಯಿತು. ಎರಡು ವರ್ಷಗಳ ನಂತರ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು. ವಿದ್ಯಾರ್ಥಿಗಳಲ್ಲಿ ಅರಸು ಮನೆತನಗಳ ಹುಡುಗರು ಬಹುಮಂದಿ. ಚುರುಕು ವಯಸ್ಸಿನ ಆ ಮಕ್ಕಳಿಗೆ ಉಸಿರಿನ ಗತಿಗೆ ಹೊಂದಿಸಿ ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ ವಿನ್ಯಾಸಕ್ರಮವನ್ನು ಆಚಾರ್ಯರು ಕಲಿಸಿದರು.

1934ರಲ್ಲಿ ಅರಸರ ಪೋಷಣೆಯಿಂದ ‘ಯೋಗಮಕರಂದ’ ಕನ್ನಡದಲ್ಲಿ ಪ್ರಕಟವಾಯಿತು. ಆಸನಗಳ ಛಾಯಾಚಿತ್ರಗಳನ್ನು ಒಳಗೊಂಡ ಈ ಪುಸ್ತಕದಲ್ಲಿ ಕೈಕಾಲುಗಳನ್ನು ಎಲ್ಲಿಡಬೇಕು, ಉಸಿರನ್ನು ಯಾವಾಗ ಬಿಡಬೇಕು ಎಂಬುದರ ಜೊತೆಗೇ ಕಣ್ಣು ಎಲ್ಲಿ ನಿಲ್ಲಬೇಕು ಎಂಬುದೂ ವಿಧಿಯಾಗಿ ಬರುತ್ತದೆ. ಉತ್ತಾನಾಸನದ ವಿವರಣೆಯನ್ನೇ ನೋಡಬಹುದು. ನೆಟ್ಟಗೆ ನಿಂತು, ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಸೊಂಟದ ಮೇಲಿನ ಭಾಗವನ್ನು ಬಗ್ಗಿಸಿ, ಅಂಗೈಗಳನ್ನು ಕಾಲುಗಳ ಪಕ್ಕದಲ್ಲಿ ಊರಬೇಕು. ಮಂಡಿ ಸ್ವಲ್ಪವೂ ಮಡಿಯಕೂಡದು. ಸಾಮಾನ್ಯ ವ್ಯಾಯಾಮವಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆಚಾರ್ಯರು ಮುಂದುವರಿದು, ತಲೆಯನ್ನು ಮೇಲೆತ್ತಿ ದೃಷ್ಟಿಯನ್ನು ನಾಸಾಗ್ರದಲ್ಲಿ ನಿಲ್ಲಿಸಬೇಕೆಂದೂ ಆಗ ಉಸಿರನ್ನು ಒಳಗೆಳೆದು ತಡೆಹಿಡಿಯಬೇಕೆಂದೂ ಹೇಳುತ್ತಾರೆ. ಶರೀರ, ಶ್ವಾಸ, ದೃಷ್ಟಿ ಮೂರೂ ಕೂಡಿದಾಗಲೇ ಅದು ಆಸನ.

ಈ ವಿಧಿ ಆಚಾರ್ಯರ ಹೊಸ ಕಲ್ಪನೆಯೇನಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯ ಧ್ಯಾನಕ್ಕೆ ಕುಳಿತವನ ನೋಟವನ್ನು ನಾಸಿಕಾಗ್ರಕ್ಕೂ, ಐದನೆಯ ಅಧ್ಯಾಯ ಹುಬ್ಬುಗಳ ನಡುವಿಗೂ ಒಯ್ಯುತ್ತದೆ. ಹಠಯೋಗಪ್ರದೀಪಿಕೆಯಲ್ಲಿ ತ್ರಾಟಕವು ಆರು ಶುದ್ಧಿಕ್ರಿಯೆಗಳಲ್ಲಿ ಒಂದು: ಸೂಕ್ಷ್ಮವಾದ ಒಂದು ಲಕ್ಷ್ಯವನ್ನು ಕಣ್ಣೀರು ಬರುವವರೆಗೆ ನಿಶ್ಚಲವಾಗಿ ನೋಡುವುದು. ದೀಪದ ಕುಡಿಯನ್ನು ದಿಟ್ಟಿಸುವ ಅಭ್ಯಾಸ ಇದೇ ಜಾತಿಯದು. ಗೀತೆಯ ಮಾತಿಗೆ ಭಾಷ್ಯ ಬರೆಯುತ್ತ ಶಂಕರಾಚಾರ್ಯರು ಒಂದು ಸೂಕ್ಷ್ಮವನ್ನು ಎತ್ತಿದ್ದಾರೆ. ಅಲ್ಲಿ ವಿಧಿಸಿರುವುದು ಮೂಗನ್ನು ನೋಡುವುದನ್ನಲ್ಲ. ಮೂಗನ್ನೇ ನೋಡುತ್ತ ಕುಳಿತರೆ ಮನಸ್ಸು ಮೂಗಿನಲ್ಲೇ ನಿಂತೀತೇ ಹೊರತು ಆತ್ಮನಲ್ಲಿ ನಿಲ್ಲದು. ನೋಟ ಹೊರವಿಷಯಗಳಿಂದ ಹಿಂದೆಗೆದು ನೆಲೆಗೊಳ್ಳುವುದಷ್ಟೇ ಅಲ್ಲಿನ ಆಶಯ. ಕಣ್ಣುಗುಡ್ಡೆಗಳನ್ನು ಬಲವಂತವಾಗಿ ಒಳಕ್ಕೆ ತಿರುಗಿಸಿ ತಲೆನೋವು ತಂದುಕೊಳ್ಳುವ ಇಂದಿನ ಉತ್ಸಾಹಿಗಳಿಗೆ ಈ ಭಾಷ್ಯವಾಕ್ಯ ತಿಳಿದಿದ್ದರೆ ಒಳ್ಳೆಯದಿತ್ತು.

ಒಂಟಿಕಾಲಿನ ಮೇಲೆ ನಿಂತು ನೋಡಿದವರಿಗೆ ದೃಷ್ಟಿಯ ಪ್ರಯೋಜನ ಶಾಸ್ತ್ರವಿಲ್ಲದೆಯೂ ತಿಳಿಯುತ್ತದೆ. ಎದುರಿನ ಗೋಡೆಯ ಒಂದು ಬಿಂದುವಿನಲ್ಲಿ ನೋಟ ನೆಟ್ಟಿರುವಷ್ಟು ಹೊತ್ತು ದೇಹ ಅಲುಗುವುದು ಕಡಿಮೆ. ಕಣ್ಣು ಅತ್ತಿತ್ತ ಓಡಿದೊಡನೆ ಕಾಲು ನಡುಗುತ್ತದೆ. ಕಣ್ಣು ಮುಚ್ಚಿದರಂತೂ ನಿಲ್ಲುವುದೇ ಕಷ್ಟ. ಸಮತೋಲನಕ್ಕಾಗಿ ದೇಹವು ಒಳಗಿವಿ, ಪಾದ ಮತ್ತು ಸ್ನಾಯುಗಳ ಸಂವೇದನೆಗಳ ಜೊತೆಗೆ ಕಣ್ಣನ್ನೂ ನೆಚ್ಚಿಕೊಂಡಿದೆ. ಮನಸ್ಸಿನ ವಿಷಯದಲ್ಲಿಯೂ ಹಾಗೆಯೇ. ಪಕ್ಕದವನ ಆಸನ ತನಗಿಂತ ಚೆನ್ನಾಗಿದೆಯೇ ಎಂದು ನೋಡುವ ಕಣ್ಣು ಅಭ್ಯಾಸವನ್ನು ಸ್ಪರ್ಧೆಯಾಗಿಸುತ್ತದೆ.

ಪ್ರದರ್ಶನದ ಬೆಲೆ

ಆದರೆ ಯೋಗಶಾಲೆ ನಡೆಯುತ್ತಿದ್ದುದು ಅರಮನೆಯ ಹಣದಿಂದ. ಜನರಲ್ಲಿ ಯೋಗದ ಬಗೆಗೆ ಆದರ ಹುಟ್ಟಿಸಬೇಕಾದ ಹೊಣೆ ಆಚಾರ್ಯರ ಮೇಲಿತ್ತು. ಅದಕ್ಕಾಗಿ ಅವರು ಊರೂರು ಸುತ್ತಿದರು. ನಾಡಿಯನ್ನು ನಿಲ್ಲಿಸಿ ತೋರಿಸುವುದು, ಚಲಿಸುವ ಮೋಟಾರು ಕಾರನ್ನು ಬರಿಗೈಯಲ್ಲಿ ತಡೆಯುವುದು, ಭಾರವಾದ ವಸ್ತುಗಳನ್ನು ಹಲ್ಲಿನಿಂದ ಎತ್ತುವುದು ಆ ಪ್ರದರ್ಶನಗಳ ಭಾಗವಾಗಿದ್ದವು. 1935ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಹೃದಯತಜ್ಞೆ ತೆರೇಸ್ ಬ್ರಾಸ್ ತಮ್ಮ ಉಪಕರಣಗಳಿಂದ ಆಚಾರ್ಯರ ಹೃದಯದ ಗತಿಯನ್ನು ದಾಖಲಿಸಿಕೊಂಡರು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರೆಂಬ ಸುದ್ದಿ ಹರಡಿತು. ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ವಿಜ್ಞಾನಿಗಳು 1961ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಯ ಸಾಧನೆಯನ್ನು ಬೇರೆ ರೀತಿಯಲ್ಲಿ ವಿವರಿಸಿತು. ಉಸಿರನ್ನು ಬಿಗಿಹಿಡಿದು ಎದೆಯೊಳಗಿನ ಒತ್ತಡವನ್ನು ಹೆಚ್ಚಿಸಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ನಾಡಿಯೂ ಹೃದಯದ ಶಬ್ದವೂ ಕೈಗೆ ಕಿವಿಗೆ ಸಿಗದಂತಾಗುತ್ತವೆ. ಹೃದಯ ಮಾತ್ರ ಮಿಡಿಯುತ್ತಲೇ ಇರುತ್ತದೆ.

ಪ್ರೇಕ್ಷಕರ ಕಣ್ಣಿಗಾಗಿ ನಡೆದ ಈ ಸಾಹಸಗಳ ಬೆಲೆಯನ್ನು ಕೆಲವೊಮ್ಮೆ ಶಿಷ್ಯರು ತೆತ್ತರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಮಲೇರಿಯಾ, ಕ್ಷಯಗಳಿಂದ ಸೊರಗಿದ್ದ ಅಯ್ಯಂಗಾರ್ 1934ರಲ್ಲಿ ಹದಿನೈದರ ಹುಡುಗನಾಗಿ ಅಕ್ಕನ ಮನೆಗೆ ಬಂದಿದ್ದರು. ಮೊದಮೊದಲು ಆಚಾರ್ಯರು ಈ ಬಡಕಲು ಹುಡುಗನಿಗೆ ಹೆಚ್ಚು ಗಮನ ಕೊಡಲಿಲ್ಲ. ಪ್ರಮುಖ ಶಿಷ್ಯನೊಬ್ಬ ಪ್ರದರ್ಶನದ ಹೊತ್ತಿಗೆ ಹೇಳದೆ ಕೇಳದೆ ಹೊರಟುಹೋದಾಗ ಮಾತ್ರ ಅವಸರದಲ್ಲಿ ಪಾಠ ಆರಂಭವಾಯಿತು. ಎಂದೂ ಅಭ್ಯಾಸ ಮಾಡದ ಹನುಮಾನಾಸನವನ್ನು ಒಮ್ಮೆ ಗಣ್ಯರೆದುರು ಮಾಡಬೇಕಾಗಿ ಬಂದು, ತೊಡೆಯ ಸ್ನಾಯು ಹರಿದು ಬಹುಕಾಲ ನಡೆಯಲು ಕಷ್ಟಪಟ್ಟುದನ್ನು ಅಯ್ಯಂಗಾರ್ ಮುಂದೆ ಹೇಳಿಕೊಂಡಿದ್ದಾರೆ. ಗುರುವಿನ ಮೇಲಿನ ಭಕ್ತಿಯನ್ನೂ ಅವರು ಬಿಡಲಿಲ್ಲ, ಆ ನೋವನ್ನೂ ಮರೆಮಾಚಲಿಲ್ಲ. ಆಚಾರ್ಯರನ್ನು ಗೌರವಿಸುವವರು ಈ ಪ್ರಸಂಗವನ್ನು ಬದಿಗೆ ಸರಿಸುವುದು ಸರಿಯಲ್ಲ. ಹುಡುಗನೊಬ್ಬನ ದೇಹ ಸಿದ್ಧವಾಗಿದೆಯೇ ಎಂಬುದಕ್ಕಿಂತ ಸಭಿಕರ ಮೆಚ್ಚುಗೆ ದೊಡ್ಡದಾದ ಗಳಿಗೆ ಅದು.

1937ರಲ್ಲಿ ಅಯ್ಯಂಗಾರ್ ಪುಣೆಗೆ ತೆರಳಿದರು. ಅದೇ ಸುಮಾರಿಗೆ, ಲಾಟ್ವಿಯಾದ ರೀಗಾದಲ್ಲಿ ಜನಿಸಿ ಇಂದ್ರಾದೇವಿ ಎಂದು ಹೆಸರು ಬದಲಿಸಿಕೊಂಡಿದ್ದ ಮಹಿಳೆಯೊಬ್ಬರು ಶಿಷ್ಯತ್ವ ಬೇಡಿ ಮೈಸೂರಿಗೆ ಬಂದರು. ಹೆಂಗಸು, ಅದರಲ್ಲೂ ಪರದೇಶದವಳು ಎಂದು ಆಚಾರ್ಯರು ನಿರಾಕರಿಸಿದರು. ಮಹಾರಾಜರ ಮಾತಿಗೆ ಮಣಿದು ಸೇರಿಸಿಕೊಂಡ ಮೇಲೂ, ಬೇಸತ್ತು ತಾವಾಗಿಯೇ ಹೋಗಲೆಂಬಂತೆ ಕಠಿಣ ನಿಯಮಗಳನ್ನು ಹಾಕಿದರು. ಆಕೆ ಹೋಗಲಿಲ್ಲ. ಮುಂದೆ 1947ರಲ್ಲಿ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದು ಚಿತ್ರತಾರೆಯರಿಗೆ ಪಾಠ ಹೇಳಿದರು.

1938ರಲ್ಲಿ ಮೈಸೂರಿನಲ್ಲಿ ಚಿತ್ರೀಕರಿಸಿದ ಮೂಕಚಿತ್ರವೊಂದು ಇಂದಿಗೂ ಉಳಿದಿದೆ. ಆಚಾರ್ಯರು, ನಾಮಗಿರಿಯಮ್ಮ, ಮಕ್ಕಳು, ಯುವಕ ಅಯ್ಯಂಗಾರ್ ಅದರಲ್ಲಿ ಕಾಣುತ್ತಾರೆ. ಐವತ್ತರ ಸಮೀಪದ ಆಚಾರ್ಯರ ದೇಹ ಕಠಿಣ ಆಸನಗಳಲ್ಲಿ ತಿರುಗುವುದನ್ನು ನೋಡಲು ಜನ ಆ ಚಿತ್ರವನ್ನು ಹುಡುಕುತ್ತಾರೆ.

ಬಾಗಿಲು ಮುಚ್ಚಿದ ಶಾಲೆ

1940ರಲ್ಲಿ ನಾಲ್ವಡಿಯವರು ಕಾಲವಾದರು. ಮರುವರ್ಷ ಆಚಾರ್ಯರ ‘ಯೋಗಾಸನಗಳು’ ಕನ್ನಡದಲ್ಲಿ ಪ್ರಕಟವಾಯಿತು. ಆದರೆ ಮೊದಲಿನ ಆಸರೆ ಕ್ರಮೇಣ ಕುಗ್ಗಿತು. ಸ್ವಾತಂತ್ರ್ಯಾನಂತರ ಅರಸೊತ್ತಿಗೆಯ ಅಧಿಕಾರ ಹೋಗಿ ಜನತಾ ಸರ್ಕಾರ ಬಂದಾಗ ಅರಮನೆಯ ಯೋಗಶಾಲೆಗೆ ನೆಲೆಯೇ ತಪ್ಪಿತು. ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟಾದರು. 1950ರಲ್ಲಿ ಶಾಲೆಯ ಬಾಗಿಲು ಮುಚ್ಚಿತು. ದೊಡ್ಡ ಸಂಸಾರವನ್ನು ಹೊತ್ತ ಅರವತ್ತು ದಾಟಿದ ವ್ಯಕ್ತಿ ಮತ್ತೆ ಕೆಲಸ ಹುಡುಕಿಕೊಂಡು ಊರು ಬಿಡಬೇಕಾಯಿತು. ಕೆಲಕಾಲ ಬೆಂಗಳೂರಿನಲ್ಲಿದ್ದು, ಪಾರ್ಶ್ವವಾಯುವಿಗೆ ತುತ್ತಾಗಿದ್ದ ಪ್ರಸಿದ್ಧ ನ್ಯಾಯವಾದಿಯೊಬ್ಬರ ಶುಶ್ರೂಷೆಗೆ ಕರೆಬಂದು 1952ರ ಸುಮಾರಿಗೆ ಮದರಾಸು ಸೇರಿದರು. ಅಲ್ಲಿನ ವಿವೇಕಾನಂದ ಕಾಲೇಜಿನಲ್ಲಿಯೂ ಯೋಗ ಬೋಧಿಸಿದರು.

ಮದರಾಸಿನ ಕೃಷ್ಣಮಾಚಾರ್ಯರು ಬೇರೆಯೇ ಆದ ಗುರು. ಕಾರು ತಡೆಯುವ ಸಾಹಸ ಹಿಂದೆ ಸರಿದು, ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿ ನಾಡಿ ನೋಡಿ, ವಯಸ್ಸು, ರೋಗ, ಉದ್ಯೋಗ ವಿಚಾರಿಸಿ ಅಭ್ಯಾಸ ಗೊತ್ತುಮಾಡುವ ಕ್ರಮ ಮುಖ್ಯವಾಯಿತು. ಹಿಂದೆ ಜನರನ್ನು ಹೆದರಿಸುತ್ತಿದ್ದ ಆ ನೋಟ ಈಗ ರೋಗಿಯ ಉಸಿರಾಟದ ಏರುಪೇರನ್ನು ಗುರುತಿಸುವ ಕೆಲಸಕ್ಕೆ ಬಂತು. ಪ್ರಾಣಾಯಾಮ, ಪ್ರಾರ್ಥನೆ, ಬೆರಳುಗಳಿಂದ ಕಣ್ಣು ಕಿವಿಗಳನ್ನು ಮೃದುವಾಗಿ ಮುಚ್ಚುವ ಷಣ್ಮುಖೀ ಮುದ್ರೆ ಮೊದಲಾದವುಗಳಿಗೆ ಹೆಚ್ಚಿನ ಪ್ರಾಶಸ್ತ್ಯ ದೊರೆಯಿತು. ಮಗ ಟಿ.ಕೆ.ವಿ. ದೇಶಿಕಾಚಾರ್ ಸಿವಿಲ್ ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರುವ ಸಿದ್ಧತೆಯಲ್ಲಿದ್ದರು. ಒಂದು ದಿನ ಕಾರಿನಿಂದಿಳಿದ ವಿದೇಶೀ ಮಹಿಳೆಯೊಬ್ಬರು ಸಂಪ್ರದಾಯನಿಷ್ಠ ತಂದೆಯನ್ನು ಬೀದಿಯಲ್ಲೇ ಆಲಿಂಗಿಸಿದ್ದನ್ನು ಕಂಡು ಅವರು ದಿಗ್ಭ್ರಮೆಗೊಂಡರು. ವರ್ಷಗಳಿಂದ ನಿದ್ರೆಯಿಲ್ಲದೆ ಬಳಲಿದ್ದ ಆಕೆ ಆಚಾರ್ಯರ ಪಾಠದಿಂದ ಹಿಂದಿನ ರಾತ್ರಿ ಔಷಧವಿಲ್ಲದೆ ಮಲಗಿದ್ದರಂತೆ. ದೇಶಿಕಾಚಾರ್ ಉದ್ಯೋಗದ ಯೋಚನೆ ಬಿಟ್ಟು ತಂದೆಯ ಶಿಷ್ಯರಾದರು. 1976ರಲ್ಲಿ ಅವರು ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗಮಂದಿರವನ್ನು ಸ್ಥಾಪಿಸಿದರು.

ದೃಷ್ಟಿಯ ಪಾಠವೂ ಶಿಷ್ಯರಿಂದ ಶಿಷ್ಯರಿಗೆ ಬೇರೆ ಬೇರೆ ರೂಪ ತಾಳಿತು. ಮೈಸೂರಿನಲ್ಲೇ ನೆಲೆನಿಂತ ಪಟ್ಟಾಭಿ ಜೋಯಿಸರು ಅದನ್ನು ಅತ್ಯಂತ ಕಟ್ಟುನಿಟ್ಟಾಗಿ ಉಳಿಸಿಕೊಂಡರು. ಆಸನ, ಉಸಿರು, ದೃಷ್ಟಿ ಇವು ಅವರ ಅಷ್ಟಾಂಗ ಪದ್ಧತಿಯ ತ್ರಿಸ್ಥಾನ. ನೋಟ ನಿಲ್ಲಬೇಕಾದ ಎಡೆಗಳು ಒಂಬತ್ತು: ಮೂಗಿನ ತುದಿ, ಹುಬ್ಬುಗಳ ನಡು, ಹೊಕ್ಕಳು, ಹೆಬ್ಬೆರಳು, ಅಂಗೈ, ಕಾಲ್ಬೆರಳು, ಬಲಬದಿ, ಎಡಬದಿ, ಮೇಲೆ ಆಕಾಶದ ಕಡೆ. 1962ರಲ್ಲಿ ಕನ್ನಡದಲ್ಲಿ ಪ್ರಕಟವಾದ ಅವರ ‘ಯೋಗಮಾಲಾ’ ದೇಶವಿದೇಶಗಳ ಅಭ್ಯಾಸಿಗಳಿಗೆ ಆಧಾರಗ್ರಂಥವಾಯಿತು. ಪುಣೆಯ ಅಯ್ಯಂಗಾರ್ ದೇಹದ ಪ್ರತಿ ಅಂಗದ ನಿಲುವನ್ನು ಸೂಕ್ಷ್ಮವಾಗಿ ತಿದ್ದುವ ದಾರಿ ಹಿಡಿದರು. ಕಣ್ಣು ಬಿಗಿದರೆ ತಲೆಯೂ ಬಿಗಿಯುತ್ತದೆಂಬುದು ಅವರ ಕಾಣ್ಕೆ. ಶವಾಸನ, ಪ್ರಾಣಾಯಾಮಗಳಲ್ಲಿ ಕಣ್ಣುಗಳ ಮೇಲೆ ಮೆತ್ತನೆಯ ಬಟ್ಟೆಯ ಪಟ್ಟಿ ಸುತ್ತುವ ರೂಢಿ ಅವರ ಪದ್ಧತಿಯಲ್ಲಿ ಬಂತು. ಒಬ್ಬರು ನೋಟವನ್ನು ಬಿಂದುವಿಗೆ ಕಟ್ಟಿದರು, ಇನ್ನೊಬ್ಬರು ಅದನ್ನು ಸಡಿಲಗೊಳಿಸಿದರು. ಯಾವುದು ಶುದ್ಧ ಪರಂಪರೆ ಎಂದು ಅನುಯಾಯಿಗಳು ವಾದಿಸುವುದುಂಟು; ಎರಡರ ಮೂಲವೂ ಒಬ್ಬನೇ ಗುರು ಎಂಬುದು ಆ ಬಿಸಿಯಲ್ಲಿ ಮರೆತುಹೋಗುತ್ತದೆ.

ತಮ್ಮ ಹೆಸರು ಖಂಡಾಂತರಗಳಿಗೆ ಹಬ್ಬಿದರೂ ಕೃಷ್ಣಮಾಚಾರ್ಯರು ಸಮುದ್ರ ದಾಟಲಿಲ್ಲ. ಬೆಳಗಿನ ಜಾವ ಎದ್ದು ಅಭ್ಯಾಸ, ಪೂಜೆ, ನಂತರ ಪಾಠ ಎಂಬ ದಿನಚರಿ ಇಳಿವಯಸ್ಸಿನಲ್ಲಿಯೂ ನಡೆದುಬಂತು. ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿದಂತೆಯೇ ಮಾಡಬಹುದಾದ ಅಭ್ಯಾಸವೊಂದನ್ನು ತಮಗೆ ತಾವೇ ರೂಪಿಸಿಕೊಂಡರು. ನೋಡಲು ಅದರಲ್ಲಿ ಏನೂ ಇರಲಿಲ್ಲ: ಸ್ವಲ್ಪ ಚಲನೆ, ದೀರ್ಘವಾದ ಉಸಿರು. ಪಾಠ ಕೇಳಲು ಬರುವವರಿಗೆ ಆ ಕೋಣೆಯಲ್ಲಿಯೇ ಪಾಠವೂ ಸಾಗಿತು. 1989ರ ಫೆಬ್ರುವರಿ 28ರಂದು, ನೂರು ವರ್ಷ ತುಂಬಿ ಮೂರು ತಿಂಗಳ ಮೇಲೆ, ಅವರು ಮದರಾಸಿನಲ್ಲಿ ನಿಧನರಾದರು.